ಸರೋಜತ್ತೆಯ ಕಂಪ್ಯೂಟರಿಗೆ ಮುಖ ಯಾವ ಕಡೆ?

ಆಗೆಲ್ಲ ಸಿದ್ದಾಪುರದಲ್ಲಿ ಕಂಪ್ಯೂಟರ್ ನೋಡಬೇಕೆಂದರೆ ಯಾವುದಾದರೂ ಕಚೇರಿಯ ಕಿಟಕಿಯಲ್ಲಿ ಇಣುಕಬೇಕಿತ್ತು. ಅದಕ್ಕೆ ಬೇರೆಯೇ ಕೋಣೆ, ಕಿಟಕಿಗೆ ಪರದೆ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ದೇವರ ಕೋಣೆಗಿಂತ ಅಲ್ಲಿಯೇ ಮಡಿ ಹೆಚ್ಚು. ನಿಮ್ಮಲ್ಲೂ ಕೆಲವರು ಹಾಗೆ ಬರಿಗಾಲಲ್ಲಿ ಕೈಕಟ್ಟಿ ನಿಂತು ಅದನ್ನು ನೋಡಿದವರೇ ಇರಬಹುದು. ಅಂಥ ಕಾಲದಲ್ಲಿ ನನ್ನ ಸರೋಜತ್ತೆ ಜಗಲಿಯ ಮೇಲೆ ಹಳೆಯ ಚಾಪೆ ಹಾಸಿ, ಸುತ್ತ ಸ್ಕ್ರೂಗಳನ್ನು ಹರಡಿಕೊಂಡು, ಒಂದು ಕಂಪ್ಯೂಟರನ್ನು ತಾನೇ ಜೋಡಿಸಿದಳು.

ಅತ್ತೆ ಹೋಗಿ ಇನ್ನೂ ವರ್ಷ ತುಂಬಿಲ್ಲ. ಬರೆಯಲು ಕೂತರೆ ಆಸ್ಪತ್ರೆಯ ದಿನಗಳೇ ಮೊದಲು ಬರುತ್ತವೆ. ಅವನ್ನು ಸರಿಸಿ ಆ ಬೇಸಿಗೆಯನ್ನು ಬರೆಯುತ್ತಿದ್ದೇನೆ.

ಅತ್ತೆ ನನ್ನ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ. ಸಿದ್ದಾಪುರದ ಬಾಡಿಗೆ ಮನೆಯೊಂದರಲ್ಲಿ ಅಜ್ಜಿಯೊಂದಿಗೆ, ಅಂದರೆ ತನ್ನ ಆಯಿಯೊಂದಿಗೆ, ಇದ್ದಳು. ಮುಂದಿನ ಕೋಣೆಯಲ್ಲಿ ಅವಳ ಟೈಪಿಂಗ್ ಕ್ಲಾಸು. ನಾನು ಪ್ರತಿ ಬೇಸಿಗೆ ರಜೆಗೆ ಯಲ್ಲಾಪುರದಿಂದ ಅಲ್ಲಿಗೆ ಹೋಗುತ್ತಿದ್ದೆ. ಮಾವಿನ ಹಣ್ಣಿನ ಸಾಸಿವೆ, ಮಾವಿನಕಾಯಿಯ ತೆಳು ಅಪ್ಪೆಹುಳಿ, ಅಂಗಳದ ಚಾಪೆಯಲ್ಲಿ ಒಣಗುವ ಹಲಸಿನ ಹಪ್ಪಳ, ಮಧ್ಯಾಹ್ನ ಅಜ್ಜಿಯ ಜೊತೆ ಚೆನ್ನೆಮಣೆ. ಇವೆಲ್ಲದರ ಹಿಂದೆ ಟೈಪ್‌ರೈಟರುಗಳ ಟಕಟಕ ಸದ್ದು ಇರುತ್ತಿತ್ತು. ಆ ವರ್ಷ ನಾನು ಹೋದಾಗ ಸದ್ದು ಬಹಳ ಕಡಿಮೆಯಾಗಿತ್ತು. ಟೈಪಿಂಗ್ ಕಲಿಯಲು ಹುಡುಗಿಯರು ಬರುವುದು ನಿಂತು, ಎಲ್ಲರೂ ಕಂಪ್ಯೂಟರ್ ಕಲಿಯಬೇಕು ಅನ್ನುತ್ತಿದ್ದರು.

ಅಪ್ಪ ನನ್ನನ್ನು ಬಿಡಲು ಬಂದಾಗ ಜಗಲಿಯಲ್ಲಿ ಕೂತು ಹೇಳಿದ.

"ಸರೋಜಾ, ಸಾಕು ಇದು. ಕ್ಲಾಸು ಮುಚ್ಚು. ಆಯಿನ್ನ ಕರ್ಕಂಡು ಯಲ್ಲಾಪುರಕ್ಕೆ ಬಾ. ಎಂಗಳ ಮನೇಲಿ ಒಂದು ಕೋಣೆ ಖಾಲಿ ಇದ್ದು."

"ಕೋಣೆ ಇದ್ದು ಅಣ್ಣ, ಕೆಲಸ ಎಂತ ಇದ್ದು? ಅತ್ಗೆಗೆ ಕಾಯಿ ತುರ್ಕೊಡದಾ?"

ಶಿರಸಿಗೆ ಬಸ್ಸಿನಲ್ಲಿ ಓಡಾಡಿ ಅತ್ತೆ ಹಾರ್ಡ್‌ವೇರ್ ಕೋರ್ಸು ಮಾಡಿದ್ದಳು. ಸಿದ್ಧ ಕಂಪ್ಯೂಟರ್ ಕೊಳ್ಳುವ ಶಕ್ತಿ ಇರಲಿಲ್ಲ. ಬಿಡಿಭಾಗ ತಂದು ತಾನೇ ಕೂಡಿಸುತ್ತೇನೆ, ಶಾಲೆ ಶುರುವಾಗುವಷ್ಟರಲ್ಲಿ ಕಂಪ್ಯೂಟರ್ ಕ್ಲಾಸು ನಡೆಯುತ್ತದೆ ಎಂದಳು. ಅಪ್ಪ ಒಪ್ಪಿದ, ಆದರೆ ಒಂದು ಮಾತು ಸೇರಿಸಿಯೇ ಒಪ್ಪಿದ.

"ಶಾಲೆ ಶುರು ಆಪ ಮುಂಚೆ ಆನು ಬತ್ತೆ. ಅಷ್ಟೊತ್ತಿಗೆ ನಡೆದಿಲ್ಲೆ ಹೇಳಾದ್ರೆ ನೀನು ಎನ್ನ ಮಾತು ಕೇಳವು."

ಅತ್ತೆ "ಅಕ್ಕು" ಎಂದು ಒಪ್ಪಿದಳು.

ಜೋಡಿಸುವ ದಿನ ನನಗೆ ಸ್ಕ್ರೂ ಕಾಯುವ ಕೆಲಸ. ಒಂದು ಭಾಗದ ಬಗ್ಗೆ ಮಾತ್ರ ಇಲ್ಲಿ ಹೇಳಬೇಕು. ಗೋಡೆಯ ಕರೆಂಟನ್ನು ಪಳಗಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ತಗಡಿನ ಪೆಟ್ಟಿಗೆ. ಅದನ್ನು ಎಲ್ಲರೂ ಎಸ್‌ಎಂಪಿಎಸ್ ಅನ್ನುತ್ತಿದ್ದರು. ಕಂಪ್ಯೂಟರಿನ ಬೆನ್ನಿನಲ್ಲಿ ಅದರ ಪುಟ್ಟ ಫ್ಯಾನು, ಫ್ಯಾನಿಗೊಂದು ತಂತಿಯ ಜಾಲರಿ. ಒಳಗಿನ ಬಿಸಿಗಾಳಿ ಅಲ್ಲಿಂದ ಹೊರಗೆ ಬರುತ್ತದೆ.

ಅತ್ತೆ ಗುಂಡಿ ಒತ್ತಿದಳು. ಫ್ಯಾನು ಗುಂಯ್ ಎಂದಿತು. ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ಅಜ್ಜಿ ಸೆರಗು ಹೊದ್ದುಕೊಂಡು ಯಂತ್ರದ ಸುತ್ತ ಒಂದು ಸುತ್ತು ಬಂದು, ಬೆನ್ನ ಜಾಲರಿಗೆ ಅಂಗೈ ಹಿಡಿದಳು.

"ಅಯ್ಯ, ಉಸಿರಾಡ್ತಾ ಇದ್ದಲೇ ಇದು!"

ಆಮೇಲೆ ಅತ್ತೆ ಹೇಳಿದ ಮಾತಿಗೆ ಅಜ್ಜಿ ಗಾಬರಿಯಾದಳು. "ಆಯಿ, ಪೂಜೆ ನೀನೇ ಮಾಡವು."

ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಯಾವ ಶುಭಕಾರ್ಯಕ್ಕೂ ಮುಂದೆ ಬರುತ್ತಿರಲಿಲ್ಲ. ಮದುವೆ ಮನೆಗೆ ಹೋದರೆ ಅಡುಗೆ ಕೋಣೆಯಲ್ಲಿ ಕೂತು ತರಕಾರಿ ಹೆಚ್ಚಿ ಬರುತ್ತಿದ್ದಳು. ಧಾರೆಯ ಹೊತ್ತಿಗೆ ಯಾರಾದರೂ ಕರೆದರೆ ಈಳಿಗೆ ಮಣೆ ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಿದ್ದಳಂತೆ.

"ಎನ್ನ ಕೈಯಿಂದ್ಲಾ? ನಾಕು ಜನ ಎಂತ ಹೇಳ್ತ?"

"ನಾಕು ಜನ ಕಲಿಯಲೆ ಬಂದ್ರೆ ಸಾಕು. ಹೇಳದು ಬ್ಯಾಡ."

ಅಜ್ಜಿ ಆ ಸಂಜೆ ಮಡಿಸೀರೆ ಉಟ್ಟು ಬಂದಳು. ಮುಖ ಹೊಳೆಯುತ್ತಿತ್ತು. ಕರೆಂಟಿನ ವಸ್ತು ಎಂದು ಅತ್ತೆ ಕಂಪ್ಯೂಟರನ್ನು ಬಂದ್ ಮಾಡಿ, ಮುಂದೆ ದೀಪ ಹಚ್ಚಿಟ್ಟಳು. ಅಜ್ಜಿ ದೀಪ ಎತ್ತಿಕೊಂಡು ಹಿಂದೆ ಹೋದಳು.

"ಆಯಿ, ಮುಂದೆ ಈ ಬದಿ!"

"ನಿಂಗೆ ಎಂತ ಗೊತ್ತಿದ್ದು? ಉಸಿರು ಬಪ್ಪ ಬದಿಗೆ ಅಲ್ದನೇ ಮೊಗ ಇಪ್ಪದು?"

ಅಜ್ಜಿ ಜಾಲರಿಯ ಮೇಲೆ ಕುಂಕುಮವಿಟ್ಟು, ತಂತಿಯ ಸಂದಿಗೆ ಒಂದೊಂದೇ ಮಲ್ಲಿಗೆ ಸಿಕ್ಕಿಸಿ, ಮಂತ್ರ ಹೇಳುತ್ತ ಬೊಗಸೆ ತುಂಬ ಅಕ್ಷತೆ ಹಾಕಿದಳು. ನಾವು ಕಣ್ಣು ಮುಚ್ಚಿ ನಿಂತಿದ್ದೆವು. ಪ್ರಸಾದ ಹಂಚಿದ ಮೇಲೆ ಅತ್ತೆ ಹೂ ತೆಗೆದು ಗುಂಡಿ ಒತ್ತಿದಳು. ಗುಂಯ್ ಅನ್ನುವ ಸದ್ದು ಅರ್ಧಕ್ಕರ್ಧ ಇಳಿದಿತ್ತು.

"ನೋಡು, ಮಂತ್ರ ಬಿದ್ದ ಕೂಡ್ಲೆ ಸಮಾಧಾನ ಆತು," ಎಂದಳು ಅಜ್ಜಿ.

ಅತ್ತೆ ಒಂದಿಷ್ಟು ಹೊತ್ತು ಏನೇನೋ ಮಾಡಿ ತೋರಿಸಿ, ನನ್ನನ್ನು ಕೂರಿಸಿದಳು. ನನ್ನ ಹೆಸರು ಟೈಪ್ ಮಾಡುತ್ತ ನಡುವಿನಲ್ಲಿದ್ದೆ. ಪರದೆ ಕಪ್ಪಾಯಿತು.

"ಎಂತ ಒತ್ತಿದ್ಯೆ ಕೂಸೆ?"

"ಎನ್ನ ಹೆಸ್ರೇ ಒತ್ತಿದ್ದಿ," ಎನ್ನುವಷ್ಟರಲ್ಲಿ ನನಗೆ ಅಳು ಬಂತು.

ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಮತ್ತೆ ಶುರು. ಅರ್ಧ ಗಂಟೆಯಾಗುವಷ್ಟರಲ್ಲಿ ಮತ್ತೆ ಬಂದ್. ಮರುದಿನವೂ ಅದೇ. ಅತ್ತೆ ಬೆನ್ನು ಮುಟ್ಟಿ ನೋಡಿದರೆ ತಗಡು ಕಾದಿತ್ತು. "ಎಸ್‌ಎಂಪಿಎಸ್ ಮೇಲೇ ಎಂಗೆ ಅನುಮಾನ," ಎಂದಳು. ಅಜ್ಜಿಯೂ ಮುಟ್ಟಿ ನೋಡಿ, "ಇಷ್ಟು ಬೆಚ್ಚಗಿದ್ದು, ಎರಡು ಹಪ್ಪಳ ಒಣಗಿಸ್ಲಕ್ಕು," ಎಂದಳು.

ಮೊದಲು ಅರ್ಥಿಂಗ್ ಮೇಲೆ ತಪ್ಪು ಬಂತು. ಹಿತ್ತಲಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಯಲ್ಲಿ ಅದರ ಕೊಳವೆ ಹುಗಿದಿರುತ್ತದಲ್ಲ, ಬೇಸಿಗೆಯಲ್ಲಿ ಆ ಮಣ್ಣು ಒಣಗಿದರೆ ಕರೆಂಟು ಸರಿ ಇರುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ಅದಕ್ಕೆ ನೀರು ಹಾಕುತ್ತಾರೆ. ಅದು ನನ್ನ ಪಾಲಿಗೆ ಬಂತು. ಪರದೆ ಕಪ್ಪಾದ ಕೂಡಲೇ ಅತ್ತೆ ಒಳಗಿಂದ "ನೀರು!" ಎಂದು ಕೂಗುತ್ತಿದ್ದಳು. ನಾನು ಕೊಡಪಾನ ಹಿಡಿದು ಓಡುತ್ತಿದ್ದೆ. ವಾರದಲ್ಲಿ ಗುಂಡಿಯ ಪಕ್ಕದ ಬಸಳೆ ಬಳ್ಳಿ ಚಪ್ಪರ ಹತ್ತಿತು. ಕಂಪ್ಯೂಟರಿಗೆ ಮಾತ್ರ ಒಂದು ಹನಿಯೂ ತಾಗಿದ ಹಾಗೆ ಕಾಣಲಿಲ್ಲ.

ಕೊನೆಗೆ ಅತ್ತೆ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ನನ್ನನ್ನೂ ಕರೆದುಕೊಂಡು ಶಿರಸಿ ಬಸ್ಸು ಹತ್ತಿದಳು. ತೊಡೆಯ ಮೇಲಿಟ್ಟುಕೊಂಡ ಗಂಟು ತಿರುವು ತಿರುವಿಗೂ ಕುಣಿಯುತ್ತಿತ್ತು. ಅಂಗಡಿಯಲ್ಲಿ ರಿಪೇರಿ ಮಾಡುವವನು ರಫೀಕ್, ಹಾವೇರಿ ಕಡೆಯವನು. ಕಂಪ್ಯೂಟರ್ ಹಚ್ಚಿ ಅದರ ಬೆನ್ನ ಹತ್ತಿರ ತೆಳು ಕಾಗದದ ಚೂರು ಹಿಡಿದ. ಕಾಗದ ಪಟಪಟ ಹಾರಿತು. ಸಂಜೆಯವರೆಗೆ ಕಂಪ್ಯೂಟರ್ ಒಂದು ಸಲವೂ ನಿಲ್ಲಲಿಲ್ಲ.

"ಏನ್ರಿ ಅಕ್ಕಾರ, ಇದಕ್ಕೇನಾಗೇತ್ರಿ? ಕುದುರಿ ಓಡಿದಂಗ ಓಡಾಕತ್ತೇತಿ."

"ಮನೆಯಲ್ಲಿ ಓಡುವುದಿಲ್ಲ ರಫೀಕ್."

"ಹಂಗಾರ ನಿಮ್ಮ ಮನೀನ ರಿಪೇರಿಗೆ ತರ್ರಿ."

ಮನೆಗೆ ತಂದೆವು. ಅಜ್ಜಿ ಬಾಗಿಲಲ್ಲೇ ತಡೆದಳು. ಊರು ತಿರುಗಿ ಬಂದ ಯಂತ್ರ, ಹಾಗೇ ಹಚ್ಚಲಾಗದು. ಮತ್ತೆ ಕುಂಕುಮ, ಮತ್ತೆ ಮಲ್ಲಿಗೆ, ಮತ್ತೆ ಬೊಗಸೆ ಅಕ್ಷತೆ. ಅರ್ಧ ಗಂಟೆಗೆ ಪರದೆ ಕಪ್ಪು. ಮತ್ತೆ ಶಿರಸಿ. ರಫೀಕ್ ಈ ಸಲ ತಲೆ ಕೆರೆದುಕೊಂಡು ಹಳೆಯ ಎಸ್‌ಎಂಪಿಎಸ್ ಇಟ್ಟುಕೊಂಡು ಹೊಸದನ್ನೇ ಹಾಕಿ ಕಳಿಸಿದ. ಹೊಸ ಸಾಮಾನು ಬಂದಿದೆಯೆಂದು ಅಜ್ಜಿ ಇನ್ನೂ ಭಕ್ತಿಯಿಂದ ಪೂಜೆ ಮಾಡಿದಳು. ಅದೂ ನಿಂತಿತು.

ಮೇ ತಿಂಗಳು ಮುಗಿಯುತ್ತ ಬಂದಿತ್ತು. ಅಪ್ಪ ಭಾನುವಾರ ಬರುತ್ತೇನೆಂದು ಪಕ್ಕದ ಮನೆಗೆ ಫೋನ್ ಮಾಡಿ ಹೇಳಿದ್ದ. ಅತ್ತೆ ನಗುವುದನ್ನು ಬಿಟ್ಟಿದ್ದಳು. ಅಜ್ಜಿ ಊಟ ಬಿಟ್ಟಿದ್ದಳು. ಒಂದು ಬೆಳಿಗ್ಗೆ ದೋಸೆ ಕಾವಲಿಯ ಮುಂದೆ ಕೂತು, ತಿರುಗಿ ನೋಡದೆ ಹೇಳಿದಳು.

"ಎನ್ನ ಕೈ ತಾಗಿದ್ದಕ್ಕೇ ಹಿಂಗಾಜು, ಸರೋಜಾ. ಎನ್ನ ಹತ್ರ ಪೂಜೆ ಮಾಡ್ಸಲಾಗಿತ್ತು."

"ಹುಚ್ಚು ಮಾತಾಡಡ ಆಯಿ. ಕರೆಂಟಿಗೆ ನಿನ್ನ ಕೈ ಯಾವುದು, ಎನ್ನ ಕೈ ಯಾವುದು ಹೇಳಿ ಗೊತ್ತಾಗ್ತಿಲ್ಲೆ."

ದೋಸೆ ಸೀದು ಹೋಯಿತು.

ಶನಿವಾರ ಬೆಳಿಗ್ಗೆ ಅಜ್ಜಿ ಅಂಗಳದಲ್ಲಿ ಹಪ್ಪಳ ಮಗುಚುತ್ತಿದ್ದಳು. ಅತ್ತೆ ಕಂಪ್ಯೂಟರ್ ಹಚ್ಚಿ, ಟೈಪಿಂಗ್ ಕಾಗದದ ಒಂದು ಚೂರು ಹರಿದು ರಫೀಕ್ ಹಿಡಿದ ಹಾಗೆ ಬೆನ್ನ ಹತ್ತಿರ ಹಿಡಿದಳು. ಕಾಗದ ಅಲುಗಲಿಲ್ಲ. ಇನ್ನೂ ಹತ್ತಿರ ಹಿಡಿದಳು. ಸುಮ್ಮನೆ ಜೋತು ನಿಂತಿತು.

"ಕೂಸೆ, ಉಸಿರೇ ಇಲ್ಲೆ ಇದ್ರಲ್ಲಿ."

ತಂತಿ ಕಿತ್ತು, ಒಳಗಿನ ಕರೆಂಟು ಇಳಿಯಲೆಂದು ಬಹಳ ಹೊತ್ತು ಬಿಟ್ಟಳು. ಆಮೇಲೆ ಎಸ್‌ಎಂಪಿಎಸ್ ಹೊರತೆಗೆದು, ಮುಚ್ಚಳ ಬಿಚ್ಚಿ, ಹಳೆಯ ಪೇಪರಿನ ಮೇಲೆ ಬೋರಲು ಹಿಡಿದು ತಟ್ಟಿದಳು.

ಕೆಂಪು ಅಕ್ಕಿಕಾಳು ಉದುರಿದವು. ಮೊದಲು ನಾಲ್ಕೈದು, ಆಮೇಲೆ ಒಂದು ಹಿಡಿಯಷ್ಟು. ಒಂದೆರಡು ಫ್ಯಾನಿನ ರೆಕ್ಕೆಗೂ ಚೌಕಟ್ಟಿಗೂ ನಡುವೆ ಗಟ್ಟಿಯಾಗಿ ಸಿಕ್ಕಿಕೊಂಡಿದ್ದವು. ಕೊನೆಗೆ ಬಾಡಿದ ಒಂದು ಮಲ್ಲಿಗೆ ಮೊಗ್ಗು ಬಿತ್ತು.

ಫ್ಯಾನು ತಿರುಗದೆ ಪೆಟ್ಟಿಗೆ ಕಾಯುತ್ತಿತ್ತು, ಕಾದು ನಿಲ್ಲುತ್ತಿತ್ತು. ಬಸ್ಸಿನ ಕುಲುಕಾಟಕ್ಕೆ ಕಾಳು ಸರಿದು ಶಿರಸಿಯಲ್ಲಿ ತಿರುಗುತ್ತಿತ್ತು. ಮನೆಗೆ ತಂದ ಕೂಡಲೇ ಅಜ್ಜಿ ಹೊಸ ಕಾಳು ಹಾಕುತ್ತಿದ್ದಳು.

ಅತ್ತೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಭುಜವೆಲ್ಲ ಕುಣಿಯಿತು, ಕಣ್ಣಲ್ಲಿ ನೀರು ಬಂತು. ನಾನು ಚಾಪೆಯ ಮೇಲೆ ಉರುಳಾಡಿದೆ.

"ಎಂತ ಸಿಕ್ತೆ?" ಎಂದು ಅಂಗಳದಿಂದ ಅಜ್ಜಿಯ ದನಿ ಬಂತು. ದನಿ ಸಣ್ಣದಾಗಿತ್ತು.

ಅತ್ತೆಯ ನಗು ನಿಂತಿತು. ಪೇಪರನ್ನು ಮಡಚಿ, ಹಿಂದಿನ ಕಿಟಕಿಯಿಂದ ಕೊಡವಿ ಬಂದಳು. ಅಜ್ಜಿ ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದಳು. ಹಿಟ್ಟು ಮೆತ್ತಿದ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡಿದ್ದಳು, ಮತ್ತೇನನ್ನೂ ಮುಟ್ಟಬಾರದು ಅನ್ನುವ ಹಾಗೆ.

"ಒಂದು ಸ್ಕ್ರೂ ಸಡ್ಲ ಇತ್ತು ಆಯಿ," ಎಂದಳು ಅತ್ತೆ. "ಎನ್ನದೇ ತಪ್ಪು. ಜೋಡಿಸಕಾರೆ ಬಿಗಿ ಮಾಡಿದ್ನಿಲ್ಲೆ."

"ಸ್ಕ್ರೂವಾ? ಪೂಜೇಲಿ ಎಂತೂ ಲೋಪ ಅಲ್ದಾ?"

"ಅಲ್ಲ ಆಯಿ. ಪೂಜೆ ಸಮಾ ಇತ್ತು."

ಅಜ್ಜಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅವಳಿಗೆ ಬಂದ ಸಿಟ್ಟು ನೋಡಬೇಕಿತ್ತು. "ಇಷ್ಟು ದಿನ ಕಣ್ಣು ಎಲ್ಲಿತ್ತೆ ನಿಂಗೆ? ಎಂಗೆ ಹೇಳಿದ್ರೆ ಆನಾದ್ರೂ ಬಿಗಿ ಮಾಡ್ತಿದ್ದಿ!" ಅಂದು ಮಧ್ಯಾಹ್ನ ಊಟಕ್ಕೆ ಕೂತವಳು ಅಪ್ಪೆಹುಳಿಯನ್ನು ಕೈಯಲ್ಲಿ ಹಾಕಿಸಿಕೊಂಡು ಕುಡಿದಳು. ಕುಡಿದು, ಮತ್ತೆ ಬೈದಳು.

ಅತ್ತೆ ಜಾಲರಿಗೆ ಸೊಳ್ಳೆಪರದೆಯ ಒಂದು ತುಂಡು ಕಟ್ಟಿದಳು. ಹಲ್ಲಿ ಹೋಗದಿರಲಿ ಎಂದು ಅಜ್ಜಿಗೆ ಹೇಳಿದಳು. ಅಂದಿನ ಪೂಜೆಯನ್ನು ಕಂಪ್ಯೂಟರ್ ನಡೆಯುತ್ತಿರುವಾಗಲೇ ಮಾಡಿಸಿದಳು. ಅಜ್ಜಿ ಹಾಕಿದ ಮಲ್ಲಿಗೆಯ ಎಸಳು ಗಾಳಿಗೆ ಹಾರಿ ಅವಳ ಮೂಗಿನ ಮೇಲೆಯೇ ಬಿತ್ತು. "ಪ್ರಸಾದ ಕೊಡ್ತಲೇ!" ಎಂದು ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ಮುಡಿಯಲ್ಲಿಟ್ಟುಕೊಂಡಳು. ಅವಳ ಮುಡಿಯಲ್ಲಿ ನಾನು ಹೂ ನೋಡಿದ್ದು ಅದೊಂದೇ ಸಲ.

ಭಾನುವಾರ ಅಪ್ಪ ಬಂದು ಕಂಪ್ಯೂಟರಿನ ಎದುರೇ ಕುರ್ಚಿ ಹಾಕಿಕೊಂಡು ಕೂತ. ಊಟವಾಯಿತು, ಅವನ ಮಧ್ಯಾಹ್ನದ ನಿದ್ದೆಯಾಯಿತು, ಚಹಾ ಆಯಿತು. ಅದು ನಡೆಯುತ್ತಲೇ ಇತ್ತು.

"ಎಂತ ಆಗಿತ್ತೆ ಇಷ್ಟು ದಿನ?"

ಅಜ್ಜಿ ಪಕ್ಕದಲ್ಲೇ ಇದ್ದಳು. ಅತ್ತೆ ಸ್ಕ್ರೂ ಕತೆ ಹೇಳಿದಳು. ಅಪ್ಪ ತೊಡೆ ತಟ್ಟಿ ನಕ್ಕ.

"ಅಷ್ಟೆಲ್ಲಾ ಕೋರ್ಸು ಮಾಡಿ ಒಂದು ಸ್ಕ್ರೂ ಬಿಗಿ ಮಾಡ್ಲೆ ಬತ್ತಿಲ್ಲೆ! ನೀನು ಊರಿಗೆ ಕಲಿಸ್ತ್ಯಾ?"

ಅತ್ತೆಯ ನಾಲಗೆ ಎಷ್ಟು ಚೂಪು ಎಂದು ಯಲ್ಲಾಪುರದವರೆಗೂ ಎಲ್ಲರಿಗೂ ಗೊತ್ತಿತ್ತು. ಅಂದು ಅವಳು "ಹೌದು ಅಣ್ಣ" ಎಂದು ತಲೆ ತಗ್ಗಿಸಿದಳು. ಅವಳು ಜೋಡಿಸಿದ್ದರಲ್ಲಿ ಒಂದು ಸಣ್ಣ ತಪ್ಪೂ ಇರಲಿಲ್ಲ. ಅಪ್ಪ ಚಹಾದ ಲೋಟ ಕೆಳಗಿಟ್ಟು, "ನಡೆಸು ಹಂಗಾರೆ," ಎಂದ.

ಅವಳು ನಡೆಸಿದಳು. ಕಂಪ್ಯೂಟರುಗಳು ಬದಲಾದವು, ಕಲಿಯುವವರು ಬದಲಾದರು, ಕ್ಲಾಸು ಮಾತ್ರ ಬಹಳ ವರ್ಷ ಇತ್ತು. ಅಜ್ಜಿ ಇರುವವರೆಗೂ ಮನೆಗೆ ಬಂದ ಪ್ರತಿ ಯಂತ್ರಕ್ಕೂ ಅವಳದೇ ಪೂಜೆ. ಅವಳು ಹೋದ ಮೇಲೂ ಅತ್ತೆ ನಿಜ ಹೇಳಲಿಲ್ಲ. ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಈಗ ಹೇಳಿದ್ರೆ ನಿನ್ನ ಅಪ್ಪನ ಕತೆ ಹಾಳಾಗ್ತಲೇ," ಎಂದಿದ್ದಳು.

ಅಪ್ಪನಿಗೆ ಆ ಸ್ಕ್ರೂ ಕತೆ ಬಹಳ ಇಷ್ಟ. ಮದುವೆ, ಮುಂಜಿ, ಹಬ್ಬ, ನಾಲ್ಕು ಜನ ಸೇರಿದಲ್ಲೆಲ್ಲ ಹೇಳುತ್ತಿದ್ದ, ವರ್ಷವರ್ಷಕ್ಕೂ ಸ್ಕ್ರೂ ಇನ್ನಷ್ಟು ದೊಡ್ಡದಾಗುತ್ತಿತ್ತು. ಎಲ್ಲರೂ ನಗುವಾಗ ಅತ್ತೆ ಅಷ್ಟು ತಲೆಗಳ ಮೇಲಿಂದ ನನ್ನ ಕಡೆ ನೋಡುತ್ತಿದ್ದಳು. ಒಂದು ಕ್ಷಣ, ಅಷ್ಟೇ. ನನಗೆ ಮಕ್ಕಳಾದ ಮೇಲೂ ಆ ನೋಟ ಬಿದ್ದರೆ ನಾನು ಎದ್ದು ಒಳಗೆ ಹೋಗಿ ನಗಬೇಕಾಗುತ್ತಿತ್ತು.

ಅತ್ತೆಯ ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಅಪ್ಪನೇ ಸ್ಕ್ರೂ ಕತೆ ಶುರು ಮಾಡಿದ. ಹೇಳುತ್ತ ಹೇಳುತ್ತ ಅವನ ದನಿ ನಡುಗಿತು. ಆದರೂ ಪೂರ್ತಿ ಹೇಳಿದ. ಎಲ್ಲರೂ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ನಾನು ಅಭ್ಯಾಸದಂತೆ ತಲೆಯೆತ್ತಿ ಅತ್ತೆ ಕೂರುತ್ತಿದ್ದ ಕಡೆ ನೋಡಿದೆ. ಕಂಬಕ್ಕೆ ಒರಗಿ ಕೂತಿದ್ದ ಯಾವುದೋ ನೆಂಟರ ಹುಡುಗ, ತನ್ನನ್ನೇ ಯಾಕೆ ನೋಡುತ್ತಾರೆ ಎಂದು ಸಂಕೋಚಪಟ್ಟು ಸರಿದು ಕೂತ.