ಬ್ಯಾಕಪ್ಪು ತಾನಾಗೇ ಆಗೈತೆ

ದೊಡ್ಡಮ್ಮನಿಗೆ ಇಂಗ್ಲಿಷ್ ಬಾರದ್ದರಿಂದ ಫೋನಿನಲ್ಲಿದ್ದ ಹಾಡುಗಳೆಲ್ಲ ಹೋದವು ಎಂಬುದು ನಮ್ಮ ನೆಂಟರಿಷ್ಟರು ಹೇಳುವ ಕಥೆ. ಇದಕ್ಕೆ ನನ್ನ ವಿರೋಧವಿದೆ. ಇಂಗ್ಲಿಷ್ ಬಾರದಿದ್ದಷ್ಟು ದಿನ ಅವು ಭದ್ರವಾಗಿದ್ದವು. ಹೋದದ್ದು, ಇಂಗ್ಲಿಷ್ ಬಂದ ಮೇಲೆ. ಕಲಿಸಿದವಳು ನಾನು.

ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳನ್ನು ಅಮ್ಮ ಬೇಳೆಡಬ್ಬಗಳ ಹಿಂದೆ ಜೋಡಿಸಿಟ್ಟಿದ್ದಾಳೆ. ಅವುಗಳಿಂದ ನಾನು ಕಲಿತದ್ದು ಇಷ್ಟೇ: ಎದುರಿನವರ ಮುಂದೆ ತಡವರಿಸಬಾರದು. ಈ ವಿದ್ಯೆ ಹೊತ್ತು ಭಾನುವಾರ ಭಾನುವಾರ ಸೋಲದೇವನಹಳ್ಳಿಗೆ, ದೊಡ್ಡಮ್ಮನ ಜಗುಲಿಗೆ ಹೋಗುತ್ತಿದ್ದೆ. ಮೊಬೈಲ್ ಅಂಗಡಿಯವರು ತನ್ನನ್ನು ಬಿಟ್ಟು ಜೊತೆಗೆ ಬಂದವರ ಹತ್ತಿರ ಮಾತಾಡುತ್ತಾರೆಂಬುದು ಅವಳ ದೂರು. "ನಾನೇನು ಅಲ್ಲಿ ಇಳ್ಸಿದ್ ಮೂಟೇನಾ?" ಅನ್ನುತ್ತಿದ್ದಳು.

ನಮ್ಮ ಹಿರಿಯರು ಪರಭಾಷೆಯ ಮಾತನ್ನು ಹಾಗೇ ಒಳಗೆ ಬಿಟ್ಟುಕೊಂಡವರಲ್ಲ. ಬಸ್ಸು, ಕಾರು, ರೈಲು ಎಂದು ಕೊನೆಗೊಂದು ಉಕಾರ ಕೊಟ್ಟೇ ಕೂರಿಸಿದರು. ದೊಡ್ಡಮ್ಮನೂ ಸ್ಟೋರೇಜು, ಚಾರ್ಜರು, ರೀಸೆಟ್ಟುಗಳನ್ನು ಹಾಗೆಯೇ ಬರಮಾಡಿಕೊಂಡಳು. ಅರ್ಥ ಕೇಳಿದರೆ ನಾಲಿಗೆ ತುದಿಯಲ್ಲೇ ಉತ್ತರ. "ರೀಸೆಟ್ಟು ಅಂದ್ರೆ ಎಲ್ಲಾ ಒರೆಸಿ ಒಸದು ಮಾಡಾದು. ಬ್ಯಾಕಪ್ಪು ಅಂದ್ರೆ ಇರಾದನ್ನ ಇನ್ನೊಂದು ಕಡೆ ಎತ್ತಿಡಾದು. ಎಂಗವ್ವ ಎತ್ತಿಡಾದು?"

ಅವಳ ಫೋನಿನಲ್ಲಿ ಅದು ಹೇಗೋ ನನಗೆ ತಿಳಿದಿರಲಿಲ್ಲ. ತಡವರಿಸಲಿಲ್ಲ. "ಅದು ತಾನಾಗೇ ಆಗುತ್ತೆ ದೊಡ್ಡಮ್ಮ" ಅಂದೆ.

ಎತ್ತಿಡಬೇಕಾದದ್ದು ಸೋಬಾನೆ ಪದಗಳನ್ನು. ದೊಡ್ಡಮ್ಮನೂ ಅವಳ ಓರಗಿತ್ತಿ ತಾಯಮ್ಮನೂ ಸುತ್ತಲಿನ ಮದುವೆಗಳಲ್ಲಿ ಜೋಡಿಯಾಗಿ ಹಾಡುವವರು. ತಾಯಮ್ಮ ಸಾಲು ಹೇಳಬೇಕು, ದೊಡ್ಡಮ್ಮ ಪಲ್ಲವಿಯ ಸೊಲ್ಲು ಎತ್ತಿಕೊಳ್ಳಬೇಕು. ಸಾಲುಗಳೆಲ್ಲ ತಾಯಮ್ಮನ ತಲೆಯಲ್ಲಿ. ಅವಳ ಗಂಟಲಿನ ಆಪರೇಷನ್ ಆದರೆ ಧ್ವನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ದೊಡ್ಡಮ್ಮ ದಿನಕ್ಕಿಷ್ಟು ಎಂದು ಹಾಡಿಸಿ ಫೋನಿನಲ್ಲಿ ಹಿಡಿದಿಟ್ಟಳು. ಆಪರೇಷನ್ ಆಯಿತು. ತಾಯಮ್ಮನಿಗೆ ಬರೆಯಲು ಬಾರದು.

ಫೋನು ಪದೇ ಪದೇ ಹ್ಯಾಂಗ್ ಆಗತೊಡಗಿದಾಗ ಹೆಬ್ಬಾಳದ ಅಂಗಡಿಯೊಂದಕ್ಕೆ ಹೋದೆವು. ಕೌಂಟರಿನ ಹುಡುಗಿ ನನ್ನ ಮುಖ ನೋಡಿದಳು. ನಾನು ದೊಡ್ಡಮ್ಮನ ಕಡೆ ಕೈ ತೋರಿಸಿದೆ.

"ಆಂಟಿ, ರೀಸೆಟ್ ಮಾಡ್ಬೇಕಾಗುತ್ತೆ. ಬ್ಯಾಕಪ್ ಆಗಿದ್ಯಾ?"

"ಬ್ಯಾಕಪ್ಪು ತಾನಾಗೇ ಆಗೈತೆ. ರೀಸೆಟ್ಟು ಮಾಡಮ್ಮ."

"ಸೂಪರ್ ಆಂಟಿ."

ಶಿಷ್ಯೆಗೆ ಬಹುಮಾನ ಬಂದಂತೆ ನಾನು ಬೀಗಿದೆ. ಬಸ್ಸಿನಲ್ಲಿ ದೊಡ್ಡಮ್ಮ, "ನೋಡ್ದಾ, ನನ್ನ ಮುಖ ನೋಡೇ ಮಾತಾಡುದ್ಲು" ಅಂದಳು. ಮನೆಗೆ ಬಂದು ಹುಡುಕಿದರೆ ಫೋನಿನಲ್ಲಿ ಒಂದು ಹಾಡೂ ಇರಲಿಲ್ಲ. ಇನ್ನೊಂದು ಕಡೆಯೂ ಇರಲಿಲ್ಲ.

ಪದದ ಅರ್ಥ ಬಂದರೆ ಕೆಲಸವೂ ಬಂದಂತೆ ಎಂದುಕೊಳ್ಳುವುದು ಓದಿದವರ ಮೂಢನಂಬಿಕೆ. ದೆವ್ವ, ಶಕುನಗಳೆಂದರೆ ನಗುವ ನಾನು ಇದನ್ನು ಮಾತ್ರ ಪರೀಕ್ಷೆ ಮಾಡದೆ ನಂಬಿದ್ದೆ.

ಮೊನ್ನೆ ಹೋದಾಗ ಇಬ್ಬರೂ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ವಾದ ಸಿದ್ಧಮಾಡಿಕೊಂಡೇ ಹೋಗಿದ್ದೆ: ಅಂಗಡಿಯವರು ಒಮ್ಮೆ ನೋಡಬೇಕಿತ್ತು, ಫೋನು ತಯಾರಿಸುವವರು ಮೊದಲೇ ಎಚ್ಚರಿಸಬೇಕಿತ್ತು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡಳು. ತಾಯಮ್ಮನ ಕೈ ನಿಂತಿತು.

"ಎಲ್ಲಾರ್ನೂ ಅಷ್ಟೊಂದು ಪ್ರಶ್ನೆ ಕೇಳ್ತೀಯಲ್ಲವ್ವ," ಅಂದಳು ದೊಡ್ಡಮ್ಮ. "ಅವತ್ತು ನಾನು ಆಗೈತೆ ಅಂದಾಗ, ಎಲ್ಲಿ ಆಗೈತೆ ತೋರ್ಸು ಅಂತ ಒಂದು ಮಾತು ಯಾಕ್ ಕೇಳ್ಲಿಲ್ಲ?"