ತಂತಿಗಳ ನಡುವಿನ ಬಿದಿರಿನ ತುಂಡು

ಸಂಜೆ ನಾಲ್ಕೂ ಹತ್ತಕ್ಕೆ ಗಾಳಿ ಎದ್ದಿತು. ನಮ್ಮೂರು ಹನಗೋಡಿನಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆ ಮುಂದೆ ಅಮ್ಮ ಸೊಪ್ಪು ಕಟ್ಟುತ್ತಿದ್ದಳು. ಮೇಲೆ ಜೋತುಬಿದ್ದ ಕರೆಂಟ್ ತಂತಿಗಳು ಒಂದಕ್ಕೊಂದು ತಾಗದಿರಲೆಂದು ನಡುವೆ ಬಿದಿರಿನ ತುಂಡೊಂದನ್ನು ಕಟ್ಟಿದ್ದರು. ನಮ್ಮ ಕಡೆ ಎಲ್ಲ ಹೊಲದಲ್ಲೂ ಇದೇ ಉಪಾಯ. ಮಳೆಯಲ್ಲಿ ನೆನೆದ ಬಿದಿರಿನಲ್ಲಿ ಕರೆಂಟ್ ಹರಿಯುತ್ತದೆ, ಅದರ ಬದಲು ತಂತಿಗಳನ್ನು ದೂರ ಇಡುವ ಪ್ಲಾಸ್ಟಿಕ್ ಸ್ಪೇಸರ್ ಹಾಕಿ ಎಂದು ಲೈನ್‌ಮನ್‌ಗೆ ಮೂರು ಸಲ ಹೇಳಿದ್ದೆ.

"ಕಾಲೇಜ್ ಓದಿರೋರು, ನೀವೇ ಕಂಬ ಅತ್ತಿ ಬುಡಿ ಸಾರ್," ಎಂದು ನಕ್ಕಿದ್ದ.

ಹಿಂದಿನ ದಿನದ ಮಳೆಗೆ ನೆನೆದಿದ್ದ ಬಿದಿರು ಚಟಪಟನೆ ಹೊತ್ತಿಕೊಂಡಿತು. ತಂತಿ ತುಂಡಾಗಿ ಅಮ್ಮನಿಂದ ಎರಡು ಮಾರು ದೂರದಲ್ಲಿ ಬಿತ್ತು.

"ಅಲ್ಲಾಡಬ್ಯಾಡ ಕಣವ್ವಾ!" ಎಂದು ಕೂಗಿದೆ.

ನಾನು ಓಡಿಹೋಗಿ ಟ್ರಾನ್ಸ್‌ಫಾರ್ಮರ್ ಸ್ವಿಚ್ ಇಳಿಸುವವರೆಗೂ ಅವಳು ಕದಲಲಿಲ್ಲ. ಆ ಓಟವನ್ನು ಕಣ್ಣು ಮುಚ್ಚಿದರೆ ಈಗಲೂ ಓಡುತ್ತೇನೆ.

ಮರುದಿನ ಲೈನ್‌ಮನ್ ಬಂದ. ಕಂಕುಳಲ್ಲಿ ಮತ್ತೊಂದು ಬಿದಿರು!

"ಈ ಸಲ ಗಟ್ಟೀದು ತಂದಿವ್ನಿ."

ಅಮ್ಮ ಕಂಬದ ಬುಡದಲ್ಲೇ ಕೂತುಬಿಟ್ಟಳು. "ಅದ್ನ ನಿಮ್ಮನೆ ಮುಂದ್ಲ ತಂತೀಗೆ ಕಟ್ಕೋ ಓಗಪ್ಪ. ಮಗ ಏಳಿದ್ದು ತರೋಗಂಟ ಕಂಬ ಅತ್ತಕ್ಕೆ ಬುಡಕಿಲ್ಲ."

ಒಂಬತ್ತು ದಿನ ಕರೆಂಟಿಲ್ಲದೆ ಕಳೆದೆವು. ಹತ್ತನೆಯ ದಿನ ಅವನು ತಂತಿ ಬಿಗಿದು ಸ್ಪೇಸರ್ ಹಾಕಿದ. ಅಂದು ಸಂಜೆಯೇ ಜೋರು ಗಾಳಿ ಬೀಸಿತು, ತಂತಿಗಳು ತಾಗಲಿಲ್ಲ. ಅವತ್ತು ಅಮ್ಮನೂ ನಾನೂ ಗಾಳಿಯ ಭಯವಿಲ್ಲದೆ ಬೆಳಗಿನವರೆಗೆ ನಿದ್ದೆ ಮಾಡಿದೆವು.