ಟ್ಯೂಬ್ ಬೇಡ ಅಂದ ಕಾರಣ

ನಾವಿಬ್ಬರೂ ಸೈಕಲ್ ಹತ್ತಿದ್ದು ನಲವತ್ತು ದಾಟಿದ ಮೇಲೆ. ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಕೆಲವು ವರ್ಷ ಆಗಿತ್ತು. ದಿನಾ ಮೈ ಬೆವರಬೇಕು ಎಂದು ಮೂಡಿಗೆರೆಯ ಡಾಕ್ಟರು ಹೇಳಿದಾಗಲೆಲ್ಲ ಇವರು, "ತೋಟದಲ್ಲಿ ಓಡಾಡೋದು ಸಾಲ್ದಾ?" ಎನ್ನುತ್ತಿದ್ದರು. ಗೋಣಿಬೀಡಿನ ಹತ್ತಿರದ ನಮ್ಮ ಕಾಫಿ ತೋಟ ಒಂದು ಸುತ್ತಿಗೆ ಮುಗಿಯುವಷ್ಟು ಚಿಕ್ಕದು. ಕೊನೆಗೆ, ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ, ಒಂದು ದಿನ ಚಿಕ್ಕಮಗಳೂರಿನಿಂದ ದಪ್ಪ ಟೈರಿನ ಎರಡು ಗೇರ್ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದರು. ಒಂದು ನನಗಂತೆ. ನನ್ನನ್ನು ಕೇಳಿರಲಿಲ್ಲ.

"ಒಬ್ಬನೇ ಹೋದ್ರೆ ಎರಡು ದಿನಕ್ಕೆ ಬಿಟ್ಬಿಡ್ತೀನಿ ಮಾರಾಯ್ತಿ. ನೀನೂ ಬಾ."

ಹೈಸ್ಕೂಲಿಗೆ ಸೈಕಲ್ ತುಳಿದವಳು ನಾನು, ಮರೆತಿರಲಿಲ್ಲ. ಡಾಂಬರು ರಸ್ತೆಯ ತಿರುವುಗಳಲ್ಲಿ ಬಸ್ಸು ಲಾರಿಗಳ ಭಯ, ಹಾಗಾಗಿ ಎಸ್ಟೇಟುಗಳ ನಡುವಿನ ಜಲ್ಲಿ ರಸ್ತೆಗಳಲ್ಲೇ ತಿರುಗುತ್ತಿದ್ದೆವು. ಜಲ್ಲಿಗಿಂತ ಹೆಚ್ಚು ಕಾಟ ಕೊಟ್ಟಿದ್ದು ಮುಳ್ಳು. ಕಾಫಿ ಗಿಡಕ್ಕೆ ಬೆಳಕು ಬರಲೆಂದು ನೆರಳಿಗೆ ಬೆಳೆಸಿದ ಹಾಲವಾಣ ಮರದ ಕೊಂಬೆ ಕಡಿದು ದಾರಿಗೆ ಎಳೆದು ಹಾಕಿರುತ್ತಾರೆ. ಕೊಂಬೆ ತೆಗೆದ ಮೇಲೂ ಅದರ ಮುಳ್ಳು ಮಣ್ಣಿನಲ್ಲಿ ಉಳಿದುಬಿಡುತ್ತದೆ.

ಮೊದಮೊದಲು ಪಂಚರ್ ಆದರೆ ಇವರೇ ಖುಷಿಯಿಂದ ಕೂತು ಪ್ಯಾಚ್ ಹಾಕುತ್ತಿದ್ದರು. ಆಮೇಲಾಮೇಲೆ, ಹಾಕಿ ಹೊರಟ ಸ್ವಲ್ಪ ದೂರಕ್ಕೇ ಅದೇ ಚಕ್ರ ಮತ್ತೆ ಇಳಿಯತೊಡಗಿತು. ಟ್ಯೂಬೇ ಕಳಪೆ ಎಂದು ಬೈದುಕೊಂಡರು. ಹೊಸ ಟ್ಯೂಬ್ ಹಾಕಿದರೂ ಅದೇ ಕಥೆ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ, "ಟ್ಯೂಬೇ ಬೇಡ, ಟ್ಯೂಬ್‌ಲೆಸ್ ಹಾಕ್ಸೋಣ" ಎಂದರು. "ಟೈರೊಳಗೆ ಒಂಥರಾ ಹಾಲು ಹಾಕ್ತಾರೆ. ಮುಳ್ಳು ಚುಚ್ಚಿದ್ರೆ ಆ ಹಾಲೇ ತೂತಿಗೆ ಹೋಗಿ ಗಟ್ಟಿಯಾಗುತ್ತೆ. ನಾವು ಇಳಿಯೋ ಹಾಗೇ ಇಲ್ಲ."

"ಹಾಲು ಒಣಗಿದ್ರೆ? ಟೈರೇ ಹರಿದ್ರೆ? ಇಲ್ಲಿ ಯಾರು ಮಾಡ್ಕೊಡ್ತಾರೆ? ಟ್ಯೂಬಾದ್ರೆ ನಾನೇ ಪ್ಯಾಚ್ ಹಾಕ್ಕೋತೀನಿ. ನನ್ನ ಸೈಕಲ್ಲಿಗೆ ಬೇಡ" ಎಂದೆ.

ಅವರ ಹೊಸ ಹುಚ್ಚು ಇದು ಎಂದುಕೊಂಡೆ. ಬೆಂಗಳೂರಿನಿಂದ ಟೈರು, ರಿಮ್ಮು, ಹಾಲಿನ ಬಾಟಲಿ ಕೊರಿಯರಿನಲ್ಲಿ ಬಂದವು. ಕೈ ಪಂಪಿನ ಗಾಳಿಗೆ ಟೈರು ರಿಮ್ಮಿಗೆ ಕೂರಲೇ ಇಲ್ಲ. ಮೂಡಿಗೆರೆಯಲ್ಲಿ ಜೀಪಿನ ಟೈರು ಹಾಕುವ ಭಾಯಿಯ ಅಂಗಡಿಗೆ ಒಯ್ದೆವು. ಅವರು ಕಂಪ್ರೆಸರಿನಿಂದ ಒಮ್ಮೆಲೇ ಗಾಳಿ ಬಿಟ್ಟಾಗ ಟೈರು ಟಪ್ಪೆಂದು ಕೂತಿತು, ಒಂದಿಷ್ಟು ಹಾಲು ಅವರ ಅಂಗಿಗೆ ಹಾರಿತು. ಒರೆಸಿಕೊಳ್ಳುತ್ತ, "ಕೂತ್ಕೊಳ್ತು. ಗಾಳಿ ಸ್ವಲ್ಪ ಕಮ್ಮಿನೇ ಇಡಿ ಅಣ್ಣ, ಕಲ್ಲಿನ ಮೇಲೆ ಮೆತ್ತಗೆ ಹೋಗುತ್ತೆ" ಎಂದರು.

ನಿಜವಾಗಿಯೂ ಮೆತ್ತಗೆ ಹೋಯಿತು. ತಿಂಗಳುಗಟ್ಟಲೆ ಇವರು ಕೆಳಗಿಳಿಯಲಿಲ್ಲ. ನನ್ನ ಟ್ಯೂಬು ಮಾತ್ರ ಪಂಚರ್ ಆಗುತ್ತಿತ್ತು. ನಾನು ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಟೈರು ಬಿಚ್ಚುವಾಗ ಇವರು ಮೋರಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಒಮ್ಮೆಯೂ ಕೈ ಹಾಕಲಿಲ್ಲ. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ಒಂದು ದಿನ ಬಣಕಲ್ ದಾಟಿ ಒಳಗಿನ ಎಸ್ಟೇಟ್ ರಸ್ತೆ ಹಿಡಿದಿದ್ದೆವು. ಹೊಸದಾಗಿ ಸುರಿದ ಚೂಪು ಜಲ್ಲಿ. ಇಳಿಜಾರಿನಲ್ಲಿ ಇವರ ಹಿಂದಿನ ಟೈರಿನ ಪಕ್ಕೆ ಹರಿದು, ಬಿಳಿ ಹಾಲು ಚಿಮ್ಮಿ ಬೆನ್ನಿನ ಮೇಲೆಲ್ಲ ಗೆರೆ ಎಳೆಯಿತು. ಹರಿದ ಜಾಗ ದೊಡ್ಡದು, ಹಾಲಿನಿಂದ ಮುಚ್ಚಲಿಲ್ಲ. ಒಳಗೊಂದು ಟ್ಯೂಬ್ ತೂರಿಸುವುದೊಂದೇ ದಾರಿ. ನನ್ನ ಚೀಲದಲ್ಲಿ ಒಂದಿತ್ತು.

"ನೀನೇ ಹಾಕ್ಕೊಡು" ಎಂದರು.

"ಟೈರು ನಿಮ್ದು, ನೀವೇ ಹಾಕಿ" ಎಂದೆ. ಇಷ್ಟು ದಿನದ ಸಿಟ್ಟು ಅಲ್ಲಿ ಬಂತು.

ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಕೈಯಾಡಿಸಿ ನೋಡಬೇಕು. ಹಾಲು ಮುಚ್ಚಿಟ್ಟ ಹಳೆಯ ಮುಳ್ಳುಗಳೆಲ್ಲ ಅಲ್ಲೇ ಮೊನೆ ಚಾಚಿಕೊಂಡಿರುತ್ತವೆ. ಇವರು ಪೂರ್ತಿ ಸುತ್ತು ಕೈಯಾಡಿಸಿ "ಏನೂ ಇಲ್ಲ" ಎಂದರು. ಟ್ಯೂಬ್ ತೂರಿಸಿ ಗಾಳಿ ಹಾಕಿದರೆ ಕೂಡಲೇ ಬುಸ್ಸೆಂದಿತು. ಬಿಚ್ಚಿ ನಾನು ಕೈ ಹಾಕಿದೆ. ಒಂದು ಮುಳ್ಳು. ಗೇಣು ದೂರಕ್ಕೆ ಇನ್ನೊಂದು. ತಲೆ ಎತ್ತಿ ನೋಡಿದರೆ ಇವರ ತೋರುಬೆರಳಿನ ತುದಿಯಲ್ಲಿ ರಕ್ತ.

"ಕೈ ಚುಚ್ಚಿದೆಯಲ್ರೀ."

ಇವರು ಬೆರಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡರು.

"ಗೊತ್ತಾಗಲ್ಲ ಕಣೇ" ಎಂದರು. "ಮೊದ್ಲು ಪಾದ ಜೋಮು ಹಿಡಿದ ಹಾಗಾಗ್ತಿತ್ತು. ಆಮೇಲೆ ಕೈ ಬೆರಳ ತುದಿನೂ. ಮುಳ್ಳು ಕೈಗೇ ಸಿಗ್ತಿರ್ಲಿಲ್ಲ. ಅದಕ್ಕೇ ಟ್ಯೂಬ್ ಬೇಡ ಅಂದಿದ್ದು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸೈಕಲ್ ನಿಲ್ಲಿಸ್ತಿದ್ದೆ."

ಖಂಡಿತ ನಿಲ್ಲಿಸುತ್ತಿದ್ದೆ. ತಲೆಯ ಪಿನ್ನು ತೆಗೆದು ಮುಳ್ಳುಗಳನ್ನು ಒಂದೊಂದಾಗಿ ಕಿತ್ತೆ. ಹರಿದ ಪಕ್ಕೆಗೆ ಬಿಸ್ಕತ್ತಿನ ಖಾಲಿ ಪೊಟ್ಟಣ ಮಡಿಸಿ ಒಳಗಿಂದ ಕೊಟ್ಟು, ಟ್ಯೂಬಿಗೆ ಪ್ಯಾಚ್ ಹಾಕಿದೆ. ಇವರು ಪಕ್ಕದಲ್ಲೇ ಕೂತು ಪಂಪು ಒತ್ತಿದರು. ಮನೆವರೆಗೂ ನಿಧಾನವಾಗಿ, ಅಕ್ಕಪಕ್ಕದಲ್ಲೇ ತುಳಿದೆವು.

ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅಂಗಾಲಿಗೆ ಏನೇನೋ ತಾಗಿಸಿ, ಕಣ್ಣು ಮುಚ್ಚಿಸಿ, ಗೊತ್ತಾಗುತ್ತದೆಯೇ ಎಂದು ಕೇಳಿದರು. ಸಕ್ಕರೆಯಿಂದ ನರಕ್ಕೆ ಪೆಟ್ಟಾಗಿದೆ, ಇಷ್ಟು ತಡ ಮಾಡಬಾರದಿತ್ತು ಎಂದು ಚೆನ್ನಾಗಿ ಬೈದರು. ಮಾತ್ರೆ ಬದಲಾಯಿಸಿ ಇಂಜೆಕ್ಷನ್ ಬರೆದರು. ಬರಿಗಾಲಲ್ಲಿ ಎಲ್ಲೂ ನಡೆಯಬಾರದು, ದಿನಾ ಪಾದ ನೋಡಿಕೊಳ್ಳಬೇಕು ಎಂದರು.

"ಸೈಕಲ್?" ಎಂದು ನಾನೇ ಕೇಳಿದೆ.

"ಬಿಡ್ಬೇಡಿ. ಬೂಟು ಹಾಕ್ಕೊಂಡು ತುಳೀಲಿ."

ಇವರು ಟ್ಯೂಬ್‌ಲೆಸ್ಸನ್ನೇ ಉಳಿಸಿಕೊಂಡರು. ನಾನೇ ಹೊಸ ಟೈರು ತರಿಸಿಕೊಟ್ಟೆ. ಬೇಸಿಗೆಯಲ್ಲಿ ಹಾಲು ಒಣಗುತ್ತದೆ, ಆಗಾಗ ತುಂಬಿಸಬೇಕು. ಆ ಕೆಲಸ ಅವರದು. ನನಗೆ ಟ್ಯೂಬೇ ಸಾಕಾಗಿತ್ತು. ನನ್ನ ಚೀಲದಲ್ಲಿ ಇಬ್ಬರಿಗೂ ಒಂದೊಂದು ಟ್ಯೂಬ್ ಇರುತ್ತಿತ್ತು. ಪಂಚರ್ ಆದರೆ ನಾನು ಬಿಚ್ಚುವುದು, ಅವರು ಗಾಳಿ ಹಾಕುವುದು.

ವರ್ಷದೊಳಗೆ ಕೈ ಬೆರಳುಗಳಿಗೆ ಬಹುಪಾಲು ಜೀವ ಬಂತು. ಪಾದ ಹಾಗೇ ಉಳಿಯಿತು. ಸಂಜೆ ಕಾಲು ತೊಳೆದ ಮೇಲೆ ಜಗಲಿಯಲ್ಲಿ ಕೂತು ನಾನೇ ಬೆರಳ ಸಂದುಗಳನ್ನೆಲ್ಲ ಒರೆಸಿ ಗಾಯವಿದೆಯೇ ನೋಡುತ್ತಿದ್ದೆ. ಮೊದಲಿಗೆ ಅವರಿಗೆ ನಾಚಿಕೆ. ಯಾರಾದರೂ ಬಂದರೆ ಕಾಲೆಳೆದುಕೊಳ್ಳುತ್ತಿದ್ದರು. ಒಂದು ಸಂಜೆ ಎಡಗಾಲಿನ ಕಿರುಬೆರಳ ಹತ್ತಿರ ಒರೆಸುತ್ತಿದ್ದಾಗ, "ಅಲ್ಲಿ ಇನ್ನೊಂದ್ಸಲ ಒತ್ತು" ಎಂದರು. ಒತ್ತಿದೆ.

"ಸ್ವಲ್ಪ ಗೊತ್ತಾಗ್ತಿದೆ" ಎಂದರು.